ಅಕ್ಕ ತಂಗಿ ಕೊಳದ ಬಳಿ

ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳಿಗೆ ಪ್ರವಾಸವೆಂದರೆ ಎಣಿಸುವ ಕೆಲಸ. ಬಸ್ಸು ಹತ್ತಿದ ಮಕ್ಕಳನ್ನು ಎಣಿಸಬೇಕು, ಇಳಿದ ಮಕ್ಕಳನ್ನು ಎಣಿಸಬೇಕು, ಕೊನೆಗೆ ಉಳಿದ ಚಿಲ್ಲರೆಯನ್ನು ಎಣಿಸಿ ಹೆಡ್‌ಮಾಸ್ತರರಿಗೆ ಒಪ್ಪಿಸಬೇಕು. ಮನೆಯವರ ಜೊತೆ ಹೊರಟಾಗಲೂ ನನ್ನ ಈ ಚಾಳಿ ಬಿಟ್ಟಿದ್ದಿಲ್ಲ. 2024ರ ದಸರಾ ರಜೆಯಲ್ಲಿ ಮೂರು ದಿನದ ಮಟ್ಟಿಗೆ ಮೇಲುಕೋಟೆಗೆ ಹೋದಾಗಲೂ ಚೀಲದ ಪಕ್ಕದ ಜೇಬಿನಲ್ಲಿ ಪುಟ್ಟದೊಂದು ಲೆಕ್ಕದ ಪುಸ್ತಕ ಇತ್ತು.

ಅಸಲಿಗೆ ನಾವು ಹೋಗಬೇಕಿದ್ದುದು ಫ್ರಾನ್ಸಿಗೆ. ತಂಗಿಯ ಮಗ ಅಲ್ಲಿನ ತುಲೂಸ್ ಎಂಬ ಊರಿನಲ್ಲಿ ಕೆಲಸಕ್ಕಿದ್ದಾನೆ. "ಅಜ್ಜಿಯನ್ನೂ ಕರ್ಕೊಂಡು ಎಲ್ಲರೂ ಬನ್ನಿ" ಎಂದು ಫೋನಿನಲ್ಲಿ ಒಂದೇ ಸಮನೆ ಒತ್ತಾಯ. ಎಂಬತ್ತೆರಡು ವರ್ಷದ ಅಮ್ಮ ಒಪ್ಪಲಿಲ್ಲ. "ವಿಮಾನ ಹತ್ತೋ ಕಾಲಲ್ಲ ಇದು. ನನ್ನ ಮೇಲುಕೋಟೆಗೆ ಕರ್ಕೊಂಡು ಹೋಗಿ ಸಾಕು. ಆದ್ರೆ ನೀವಿಬ್ರೂ ಇರ್ಬೇಕು" ಎಂದರು. ಆ ಕೊನೆಯ ಮಾತನ್ನು ಅಮ್ಮ ಸುಮ್ಮನೆ ಹೇಳಿದ್ದಲ್ಲ ಎಂಬುದು ನನಗೂ ಗೊತ್ತಿತ್ತು, ತಂಗಿಗೂ ಗೊತ್ತಿತ್ತು.

ಹಳೆಯ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಜರಗನಹಳ್ಳಿಯ ನಮ್ಮ ಮನೆಯಲ್ಲಿ ಅಮ್ಮ ನಮ್ಮ ಜೊತೆಗೇ ಇದ್ದಾರೆ. 2019ರಲ್ಲಿ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಆಯಿತು, ಎರಡು ತಿಂಗಳು ಹಾಸಿಗೆ. ಖರ್ಚಿನಲ್ಲಿ ಅರ್ಧ ತಾನು ಕೊಡುತ್ತೇನೆ ಎಂದು ತಂಗಿ ತಾನಾಗಿಯೇ ಹೇಳಿದಳು. ನಾನು ನಾಲ್ಕು ಹಾಳೆ ತುಂಬ ಲೆಕ್ಕ ಬರೆದುಕೊಟ್ಟೆ. ಆಸ್ಪತ್ರೆಯ ಬಿಲ್ಲು, ಔಷಧಿ, ಆಟೋ ಬಾಡಿಗೆ, ಎಳನೀರು. ಒಂದು ಎಳನೀರಿಗೆ ಇಷ್ಟು, ಅದರಲ್ಲಿ ಅರ್ಧ ಇಷ್ಟು. ಅಚ್ಚುಕಟ್ಟಾಗಿ ಬರೆದಿದ್ದೇನೆಂಬ ಹೆಮ್ಮೆಯೂ ಇತ್ತೆನ್ನಿ. ಅವಳು ಹಾಳೆಗಳನ್ನು ಓದಿದಳು, ಮಾತಾಡದೆ ಚೆಕ್ ಬರೆದಳು. ಆಮೇಲೆ ಹಬ್ಬಕ್ಕೆ ಬಂದರೆ ಎಲೆ ಎತ್ತುತ್ತಿದ್ದಂತೆ ಹೊರಟುಬಿಡುವಳು. ಐದು ವರ್ಷದಲ್ಲಿ ಒಂದು ರಾತ್ರಿಯೂ ನಮ್ಮ ಮನೆಯಲ್ಲಿ ಉಳಿಯಲಿಲ್ಲ. ನಾವು ಜಗಳ ಆಡಿದ್ದರೆ ರಾಜಿಯಾದರೂ ಆಗುತ್ತಿತ್ತು. ಜಗಳವೇ ಆಗಿರಲಿಲ್ಲ.

ಮೊದಲೆರಡು ದಿನ ನೋಡುವುದರಲ್ಲೇ ಕಳೆದವು. ಚೆಲುವನಾರಾಯಣನ ದರ್ಶನವಾಯಿತು. ಯೋಗನರಸಿಂಹನ ಬೆಟ್ಟವನ್ನು ನಾವು ಏದುಸಿರು ಬಿಡುತ್ತಾ ಹತ್ತಿ ಬಂದೆವು, ಅಮ್ಮ ಕೆಳಗೇ ಕುಳಿತು ಕೈಮುಗಿದರು. ಸಂಜೆ ಕಲ್ಯಾಣಿಯ ಮೆಟ್ಟಿಲ ಮೇಲೆ ಕುಳಿತಾಗ ವೈರಮುಡಿಯ ಮಾತು ಬಂತು. ಆ ಕಿರೀಟ ಮಂಡ್ಯದ ಸರ್ಕಾರಿ ಖಜಾನೆಯಲ್ಲಿರುತ್ತದೆ. ಉತ್ಸವಕ್ಕೆಂದು ಪೊಲೀಸರ ಕಾವಲಿನಲ್ಲಿ ಬಂದು, ಮುಗಿದ ಮೇಲೆ ಮತ್ತೆ ಖಜಾನೆಗೆ ಹೋಗುತ್ತದೆ. ನಮ್ಮವರು ತಮಾಷೆಗೆ, "ದೇವರ ಒಡವೆಗೇ ಲೆಕ್ಕ ತಪ್ಪಲಿಲ್ಲ, ನಿಮ್ಮಕ್ಕ ಬರೆದ್ರೆ ತಪ್ಪೇನಮ್ಮ?" ಎಂದರು. ತಂಗಿ ನಗಲಿಲ್ಲ. ನೀರಿನ ಕಡೆ ನೋಡುತ್ತಾ ಕುಳಿತಳು. ನನಗೂ ಏನು ಹೇಳಲು ತೋಚಲಿಲ್ಲ.

ಕೊನೆಯ ದಿನ ಬೆಳಿಗ್ಗೆ ನೋಡಬೇಕಾದದ್ದು ಏನೂ ಉಳಿದಿರಲಿಲ್ಲ. ಮಧ್ಯಾಹ್ನ ಊಟ ಮಾಡಿ ಹೊರಟರಾಯಿತು ಎಂಬ ನಿರಾಳ. ನಿಧಾನವಾಗಿ ಎದ್ದೆವು. ಮೆಸ್ಸಿನಲ್ಲಿ ಪುಳಿಯೋಗರೆ, ಸಕ್ಕರೆ ಪೊಂಗಲ್ ತಿಂದೆವು. ಕೋತಿಗಳ ಕಣ್ಣಿಗೆ ಬೀಳದಂತೆ ಗೊಜ್ಜಿನ ಡಬ್ಬಿಯನ್ನು ನನ್ನ ಚೀಲದ ತಳಕ್ಕೆ ಸೇರಿಸಿದೆವು. ದುಡ್ಡು ತಂಗಿಯೇ ಕೊಟ್ಟಳು. ನನ್ನ ಕೈ ತನ್ನಷ್ಟಕ್ಕೇ ಪುಸ್ತಕದ ಕಡೆ ಹೋಯಿತು. ಅವಳು ನೋಡಿದಳು. ನಾನು ಪುಸ್ತಕ ತೆಗೆಯದೆ ಕರವಸ್ತ್ರ ತೆಗೆದು ಬಾಯಿ ಒರೆಸಿಕೊಂಡೆ.

ಅರ್ಧಕ್ಕೇ ನಿಂತ ರಾಯಗೋಪುರದ ಎತ್ತರದ ಕಂಬಗಳನ್ನು ಇನ್ನೊಮ್ಮೆ ನೋಡಿ, ಅಕ್ಕ ತಂಗಿ ಕೊಳದ ಬಳಿ ಕಾರು ನಿಲ್ಲಿಸಿದೆವು. ಪಕ್ಕಪಕ್ಕದಲ್ಲೇ ಎರಡು ಕೊಳಗಳು. ಅಮ್ಮನನ್ನು ಒಂದು ಕಲ್ಲಿನ ಮೇಲೆ ಕೂರಿಸಿದೆವು. ಆಡು ಮೇಯಿಸುತ್ತಿದ್ದ ಒಬ್ಬ ಹೆಂಗಸು, ಕೇಳುವ ಮೊದಲೇ ಕಥೆ ಶುರುಮಾಡಿದಳು. ಅಕ್ಕ ತಂಗಿ ಒಂದೊಂದು ಕೊಳ ಕಟ್ಟಿಸಿದರಂತೆ. ಒಬ್ಬಳು ಕೂಲಿಯವರಿಗೆ ಕೊಟ್ಟ ಒಂದೊಂದು ಕಾಸಿಗೂ ಲೆಕ್ಕ ಇಟ್ಟಳಂತೆ. ಇನ್ನೊಬ್ಬಳು ಕೇಳಿದವರಿಗೆ ಕೇಳಿದಷ್ಟು ಕೊಟ್ಟಳಂತೆ. ಲೆಕ್ಕ ಇಟ್ಟವಳ ಕೊಳದ ನೀರು ಕುಡಿಯಲು ಬರಲಿಲ್ಲವಂತೆ.

"ಲೆಕ್ಕ ಇಟ್ಟೋಳು ಅಕ್ಕನೋ ತಂಗೀನೋ?" ಎಂದರು ಅಮ್ಮ.

"ಅದು ಒಬ್ಬೊಬ್ರು ಒಂದೊಂದು ತರ ಹೇಳ್ತಾರೆ ಕಣವ್ವ" ಎಂದು ಆಕೆ ಆಡಿನ ಹಿಂದೆ ಹೋದಳು.

ನನಗೆ ಕಿವಿಯವರೆಗೂ ಬಿಸಿಯಾಯಿತು. ನಮ್ಮವರು ಫೋಟೋ ತೆಗೆಯುವ ನೆಪದಲ್ಲಿ ಆಚೆ ಸರಿದರು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ನಾನೇ, "ಎಳನೀರಿಗೆ ಬರೀಬಾರದಾಗಿತ್ತು ಕಣೇ" ಎಂದೆ. ಐದು ವರ್ಷದಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಅದು.

ತಂಗಿ ಒಂದು ಹುಲ್ಲುಕಡ್ಡಿ ಮುರಿಯುತ್ತಾ ಹೇಳಿದಳು: "ಎಳನೀರಿಗೆ ಬರೆದಿದ್ದೆ ಅಂತ ನಂಗೆ ಬೇಜಾರಾಗಿದ್ದು ನಿಜ ಅಕ್ಕ. ಆದ್ರೆ ಅದಕ್ಕಿಂತ ಹೆಚ್ಚು, ನೀನು ರಾತ್ರಿಯೆಲ್ಲ ಎದ್ದಿದ್ದು ಅದರಲ್ಲಿ ಇರಲಿಲ್ಲ. ನಾನು ಅರ್ಧ ಕೊಟ್ಟುಬಿಟ್ಟೆ ಅಂತ ಹೇಗೆ ಅಂದ್ಕೊಳ್ಳಲಿ? ನಿಮ್ಮ ಮನೆಗೆ ಬಂದ್ರೆ ಅದೇ ನೆನಪಾಗ್ತಿತ್ತು."

ನಾನು ಅವಳಿಗೆ ಸಿಟ್ಟು ಎಂದುಕೊಂಡಿದ್ದೆ. ಅವಳಿಗೆ ಇದ್ದದ್ದು ಸಾಲದ ಸಂಕೋಚ. ಆ ಸಾಲವನ್ನು ನಾನು ಬರೆದಿರಲಿಲ್ಲ, ಆದರೂ ಅವಳು ಓದಿಕೊಂಡಿದ್ದಳು. ಅಮ್ಮನಿಗೆ ಎಷ್ಟು ಕೇಳಿಸಿತೋ ತಿಳಿಯದು. "ಬಿಸಿಲು ಏರ್ತಾ ಇದೆ, ಕೈ ಕೊಡ್ರೇ" ಎಂದು ಎರಡೂ ಕೈ ಚಾಚಿದರು. ಒಂದನ್ನು ಅವಳು, ಒಂದನ್ನು ನಾನು ಹಿಡಿದು ಎಬ್ಬಿಸಿದೆವು.

ಮಧ್ಯಾಹ್ನ ಪಾಂಡವಪುರದ ದಾರಿಯಲ್ಲಿ ಹಿಂದಿರುಗಿದೆವು. ಹಿಂದೆ ಈ ಊರಿಗೆ ಹಿರೋಡೆ ಎಂದು ಹೆಸರು. ಹೈದರ್ ಮತ್ತು ಟಿಪ್ಪುವಿನ ಸೇನೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಇಲ್ಲಿನ ಬಂಡೆಗಳ ಬಳಿ ಬಿಡಾರ ಹೂಡಿದ್ದರಿಂದ ಇಂಗ್ಲಿಷರು 'ಫ್ರೆಂಚ್ ರಾಕ್ಸ್' ಎಂದು ಕರೆದರು. ನಾನು ತರಗತಿಯಲ್ಲಿ ಹೇಳುವಂತೆ ಇದನ್ನು ವಿವರಿಸುತ್ತಿದ್ದಾಗ ತಂಗಿ, "ಅಮ್ಮ, ನೋಡು, ಫ್ರಾನ್ಸಿಗೂ ಬಂದ ಹಾಗಾಯ್ತು" ಎಂದಳು. "ಇಷ್ಟು ಹತ್ರ ಇತ್ತಾ? ಮೊದಲೇ ಹೇಳೋದಲ್ವಾ!" ಎಂದರು ಅಮ್ಮ. ಎಷ್ಟೋ ದಿನದ ಮೇಲೆ ನಾವಿಬ್ಬರೂ ಒಟ್ಟಿಗೆ ಹೊಟ್ಟೆ ತುಂಬ ನಕ್ಕೆವು. ಮಂಡ್ಯ ದಾಟುವಷ್ಟರಲ್ಲಿ ಅಮ್ಮ ಅವಳ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರು.

ರಾತ್ರಿ ಜರಗನಹಳ್ಳಿಯ ಮನೆಯಲ್ಲಿ ಲೆಕ್ಕದ ಪುಸ್ತಕ ತೆರೆದೆ. ಮೂರನೆಯ ದಿನದ ಪುಟದಲ್ಲಿ ಪೆಟ್ರೋಲಿನ ಖರ್ಚೊಂದನ್ನು ಬರೆದೆ. ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ. ಚೀಲ ಖಾಲಿ ಮಾಡುವಾಗ ಗೊಜ್ಜಿನ ಡಬ್ಬಿ ಸಿಕ್ಕಿತು. ದುಡ್ಡು ಕೊಟ್ಟವಳು ಅವಳು, ಡಬ್ಬಿ ನನ್ನಲ್ಲಿ. ಫೋನ್ ಮಾಡಿ, "ಅರ್ಧ ತೆಗೆದಿಡ್ತೀನಿ, ಯಾರ ಹತ್ರಾನಾದ್ರೂ ಕಳಿಸ್ತೀನಿ" ಎಂದೆ.

"ಅರ್ಧಗಿರ್ಧ ಏನೂ ಬೇಡ ಅಕ್ಕ. ಅಲ್ಲೇ ಇರಲಿ. ಶನಿವಾರ ಬಂದು ಉಳ್ಕೋತೀನಿ, ಭಾನುವಾರ ಬೆಳಿಗ್ಗೆ ಕಲಸೋಣ" ಎಂದಳು.