ಎವಿಎಲ್‌ನಲ್ಲಿ ಅರ್ಧ ಮಿಲಿಮೀಟರ್

ರಾತ್ರಿ 1.40. ಮಲೆನಾಡಿನ ತಾಲ್ಲೂಕು ಆಸ್ಪತ್ರೆ. ಹೊರಗೆ ಆಷಾಢದ ಜಡಿಮಳೆ. ಜೀಪಿನಿಂದ ಇಬ್ಬರು ಹೆಗಲು ಕೊಟ್ಟು ಇಳಿಸಿದ ಅಡಿಕೆ ಬೆಳೆಗಾರರಿಗೆ ಐವತ್ತರ ಆಸುಪಾಸು, ಮೈಯೆಲ್ಲ ತಣ್ಣನೆ ಬೆವರು. “ಸಂಜೆಯಿಂದ ಗ್ಯಾಸ್ಟ್ರಿಕ್ ಅಂತಿದ್ರು ಡಾಕ್ಟ್ರೇ, ಸೋಡಾ ಕುಡಿಸ್ದೆ,” ಅಂದರು ಹೆಂಡತಿ.

ರೋಗಿ ಬಾಗಿಲು ದಾಟಿದ 10 ನಿಮಿಷದೊಳಗೆ ಇಸಿಜಿ ತೆಗೆದು ಓದಿರಬೇಕು. ಬೆವರಿಗೆ ಲೀಡ್ ಜಾರುತ್ತದೆ. ಒರೆಸಿ, ಮತ್ತೆ ಅಂಟಿಸಿ, ಕಾಗದ ಹೊರಬಂತು. ಯಂತ್ರ ತಾನೇ ಮೇಲೆ ಮುದ್ರಿಸಿತ್ತು: ನಾರ್ಮಲ್.

ಅಲ್ಲ! ಎವಿಎಲ್ ಲೀಡಿನಲ್ಲಿ ಎಸ್‌ಟಿ ಗೆರೆ ಅರ್ಧ ಮಿಲಿಮೀಟರ್ ತಗ್ಗಿದೆ, ಟಿ ಅಲೆ ತಲೆಕೆಳಗಾಗಿದೆ. ಎಡಭುಜದ ಕಡೆಯಿಂದ ಹೃದಯವನ್ನು ನೋಡುವ ಲೀಡ್ ಅದು. ಹೃದಯದ ತಳಭಾಗಕ್ಕೆ ರಕ್ತ ನಿಂತಾಗ ಎಷ್ಟೋ ಸಲ ಮೊದಲ ಸುಳಿವು ಸಿಗುವುದು ಎದುರು ದಿಕ್ಕಿನ ಇದರಲ್ಲೇ. ತಳವನ್ನು ನೇರವಾಗಿ ನೋಡುವ 2, 3 ಮತ್ತು ಎವಿಎಫ್ ಇನ್ನೂ ಸುಮ್ಮನಿವೆ. ಈ ಕಾಗದ ನಂಬಿ ಮನೆಗೆ ಕಳಿಸಿದರೆ ಮನುಷ್ಯ ದಾರಿಯಲ್ಲೇ ಹೋಗುತ್ತಾರೆ. “ಸಿಸ್ಟರ್, ಲೀಡ್ ತೆಗೀಬೇಡಿ. ಹತ್ತು ನಿಮಿಷಕ್ಕೆ ಇನ್ನೊಂದು ತೆಗೆಯೋಣ.”

ಇನ್ನೊಂದು ಬಂತು. 3ನೇ ಲೀಡಿನಲ್ಲಿ ಎಸ್‌ಟಿ ಮೂರು ಚೌಕ ಎದ್ದಿದೆ, 2ನೇ ಲೀಡಿಗಿಂತ ಎತ್ತರ! ಅಂದರೆ ಕಟ್ಟಿಕೊಂಡಿರುವುದು ಬಲ ಕೊರೊನರಿ ರಕ್ತನಾಳವೇ ಇರಬೇಕು. ಬಲ ಕುಹರದ ಗತಿ? ವಿ4 ಲೀಡ್ ಕಿತ್ತು ಎದೆಯ ಬಲಕ್ಕೆ ಅಂಟಿಸಿದೆ. ಅಲ್ಲೂ ಏರಿಕೆ. ಸಿಸ್ಟರ್ ಕೈಯಲ್ಲಿ ನಾಲಿಗೆಯಡಿಯ ನೈಟ್ರೇಟ್ ಮಾತ್ರೆ. “ಬೇಡ, ಬೇಡ!” ಬಲ ಕುಹರ ಸೋತಾಗ ಅದು ಬಿಪಿಯನ್ನು ಪಾತಾಳಕ್ಕೆ ಇಳಿಸುತ್ತದೆ; ಬಿಪಿ ಆಗಲೇ 84. ಸಲೈನ್ ಓಡಿತು. ಆಸ್ಪಿರಿನ್ ಅಗಿಸಿದೆವು. ಇಸಿಜಿಯ ಫೋಟೊ ಹೃದ್ರೋಗ ತಜ್ಞರ ಮೊಬೈಲಿಗೆ ಹಾರಿತು. ಉತ್ತರ ಕೂಡಲೇ ಬಂತು: ಟೆನೆಕ್ಟೆಪ್ಲೇಸ್ ಕೊಡಿ.

ಹೆಪ್ಪು ಕರಗಿಸುವ ಈ ದುಬಾರಿ ಇಂಜೆಕ್ಷನ್ ತಾಲ್ಲೂಕಿನ ಬಡವರಿಗೂ ಉಚಿತವಾಗಿ ಸಿಗುತ್ತಿರುವುದು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಿಂದ. 2021ರಲ್ಲಿ 46ನೇ ವಯಸ್ಸಿಗೇ ಹೋದ ಅಪ್ಪು ಹೆಸರಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣದು. ಕೊಡುವ ಮೊದಲು ಹೆಂಡತಿಯನ್ನು ಕೇಳಿದೆ: ಇವರಿಗೆ ಹಿಂದೆ ಪಾರ್ಶ್ವವಾಯು ಆಗಿತ್ತೇ? ಇಲ್ಲ. ರಕ್ತಸ್ರಾವ? ಇಲ್ಲ. ತೂಕ 62 ಕೆಜಿ. 35 ಮಿಲಿಗ್ರಾಂ ಒಂದೇ ಸಲಕ್ಕೆ ನರಕ್ಕೆ ಇಳಿಯಿತು.

ಮರುಗಳಿಗೆ ಕಣ್ಣು ಮೇಲಾಯಿತು. ಮಾನಿಟರ್ ತುಂಬ ಹುಚ್ಚು ಗೀಚು. ನಾಡಿ ಇಲ್ಲ! ಎದೆ ಒತ್ತುತ್ತಲೇ ಕೂಗಿದೆ: “200 ಜೂಲ್! ಎಲ್ಲ ಹಿಂದೆ ಸರೀರಿ!” ಶಾಕ್. ದೇಹ ಎಗರಿ ಬಿತ್ತು. ಮತ್ತೆ ಒತ್ತಿದೆ, ಒತ್ತಿದೆ, ಒತ್ತಿದೆ. ಕೈ ತಳ್ಳಿ ಅವರೇ ನರಳಿದರು.

ಅಷ್ಟರಲ್ಲಿ ಅಗಲಗಲ ಬಡಿತಗಳು, ನಿಮಿಷಕ್ಕೆ 80. ಸಿಸ್ಟರ್ ಗಾಬರಿಯಾಗಿ ಔಷಧಿಗೆ ಕೈ ಚಾಚಿದರು. ತಡೆದೆ. ಮುಚ್ಚಿದ ನಾಳ ತೆರೆಯುವಾಗ ಬರುವ ಲಯ ಇದು. ನಾಡಿ ಗಟ್ಟಿಯಿದೆ, ಮುಟ್ಟಬಾರದು. ತಾನೇ ಬಂತು, ತಾನೇ ಹೋಯಿತು. ಮುಂದಿನ ಇಸಿಜಿಯಲ್ಲಿ ಮೂರು ಚೌಕ ಒಂದಕ್ಕಿಳಿದಿತ್ತು. ಬಿಪಿ 104.

24 ಗಂಟೆಯೊಳಗೆ ಆಂಜಿಯೋಗ್ರಾಮ್ ಆಗಬೇಕು. 108 ಆಂಬುಲೆನ್ಸ್ ಬಾಗಿಲಿಗೆ ಬಂತು. ಇಸಿಜಿಗಳ ಮೇಲೆಲ್ಲ ಸಮಯ ಬರೆದು, ಕ್ರಮವಾಗಿ ಪಿನ್ ಹೊಡೆದು ಹೆಂಡತಿಯ ಕೈಗಿಟ್ಟೆ: “ಅಮ್ಮಾ, ಅಲ್ಲಿ ಹೋದ ತಕ್ಷಣ ಮೊದಲು ಇದನ್ನ ತೋರಿಸಿ.”