ಕಪ್ಪು ಗಾಜಿನೊಳಗಿನ ರಾಮಸಮುದ್ರ

ಕಡಲನ್ನು ಕನಸಿನಲ್ಲಿಯೂ ಕಾಣದ ಒಳನಾಡಿನಲ್ಲಿ ಸಮುದ್ರವೆಂಬ ಹೆಸರಿನ ಊರುಗಳಿಗೆ ಕೊರತೆಯಿಲ್ಲ. ಹೊಯ್ಸಳರ ದೋರಸಮುದ್ರಕ್ಕೂ ಆ ಹೆಸರು ಬಂದುದು ಕೆರೆಯ ದೆಸೆಯಿಂದಲೇ. ನೀರನ್ನು ಅಳೆದು ಬಳಸುವ ಸೀಮೆಯವರು ತಮ್ಮ ಊರಿನ ಕೆರೆಯನ್ನು ಸಮುದ್ರವೆಂದು ಕರೆದರೆ ಯಾರು ತಾನೇ ತಪ್ಪೆಂದಾರು! ಯಾದಗಿರಿ ತಾಲ್ಲೂಕಿನ ರಾಮಸಮುದ್ರಕ್ಕೆ ಹೊರಟಾಗ ನನ್ನ ತಲೆಯಲ್ಲಿದ್ದುದು ಇಂತಹ ಸ್ಥಳನಾಮದ ಯೋಚನೆಗಳೇ. ಆದರೆ ಅಲ್ಲಿ ನಾನು ಎರಡು ದಿನ ಚಿಂತಿಸಿದ್ದು ಹೆಸರನ್ನು ಕುರಿತಲ್ಲ, ಬಣ್ಣವನ್ನು ಕುರಿತು.

ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲುಹಾದಿಯಲ್ಲಿ ಯಾದಗಿರಿ ಹಳೆಯ ನಿಲ್ದಾಣ. ಜಿಲ್ಲೆಯಾಗಿ ಮಾತ್ರ ಹೊಸದು. ಗುಲ್ಬರ್ಗದಿಂದ ಬೇರ್ಪಟ್ಟು ತನ್ನ ಕಾಲ ಮೇಲೆ ತಾನು ನಿಂತದ್ದು 2009ರ ಕೊನೆಯಲ್ಲಿ. ಪಟ್ಟಣದ ನೆತ್ತಿಯ ಮೇಲೆ ಕೋಟೆಗುಡ್ಡ. ಊರ ಹೊರಗೆ ಬಂದರೆ ಯಾರೋ ಪೇರಿಸಿಟ್ಟು ಮರೆತುಹೋದಂತಹ ಬಂಡೆಗಳ ರಾಶಿ. ಹೊಳೆಯ ಕಡೆಗೆ ಎರೆ, ಗುಡ್ಡಗಳ ಬುಡದಲ್ಲಿ ಮಸಾರಿ. ಕಾರ್ತಿಕದ ದಿನಗಳಾದುದರಿಂದ ತೊಗರಿ ಹೂವಿಗೆ ಬಂದಿತ್ತು. ಹತ್ತಿಯ ಕಾಯಿ ಅಲ್ಲಲ್ಲಿ ಬಿರಿಯುತ್ತಿತ್ತು. ಹಸಿರು, ಹಳದಿ, ಬಿಳುಪು, ಮಣ್ಣಿನ ಕೆಂಪು. ಬಣ್ಣಕ್ಕೆ ಬಡತನವಿಲ್ಲದ ನೆಲ.

ನನ್ನನ್ನು ಅಲ್ಲಿಗೆ ಕರೆದೊಯ್ದವನು ನನ್ನ ಹಳೆಯ ವಿದ್ಯಾರ್ಥಿ. ಕಾಲೇಜಿನಲ್ಲಿ ಛಂದಸ್ಸಿನ ತರಗತಿಯಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದವನು ಈಗ ಆ ನೋಟವನ್ನೇ ವೃತ್ತಿ ಮಾಡಿಕೊಂಡಿದ್ದಾನೆ. ಅವನ ಬಳಿ ಅಂಗೈ ಮೇಲೆ ಕೂರುವಷ್ಟು ಚಿಕ್ಕ ಡ್ರೋನ್ ಒಂದಿದೆ. 250 ಗ್ರಾಂ ಮೀರದ, 2021ರ ಡ್ರೋನ್ ನಿಯಮಗಳು ನ್ಯಾನೋ ಎಂದು ಕರೆಯುವ ವರ್ಗದ್ದು. ಸರಕಾರದ ಭೂಪಟದಲ್ಲಿ ಹಸಿರು ವಲಯವೆಂದು ಗುರುತಿಸಿದ ಕಡೆ 120 ಮೀಟರಿನವರೆಗೆ ಹಾರಿಸಲು ಅಡ್ಡಿಯಿಲ್ಲ. ನಮ್ಮವನು ಅದನ್ನು ನೋಡಿಕೊಂಡೇ ಬಂದಿದ್ದ. ತನ್ನ ಸೋದರಮಾವನ ಊರಿನದೊಂದು ಕಿರುಚಿತ್ರ ತೆಗೆಯಬೇಕೆಂಬುದು ಅವನ ಆಸೆ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಯಂತ್ರ ಮೇಲೇರಿತು. ಮಾವ ಹೊಲದ ಬದುವಿನ ಮೇಲೆ ನಿಂತು, ಅಳಿಯನ ಕೈಯಲ್ಲಿದ್ದ ಪುಟ್ಟ ತೆರೆಯನ್ನು ಕುತೂಹಲದಿಂದ ನೋಡುತ್ತಿದ್ದರು. ನೋಡುತ್ತ ನೋಡುತ್ತ ಅವರ ಮುಖ ಬಾಡಿತು.

“ತಮ್ಮಾ, ಎಲಿ ಎಲ್ಲಾ ಕೆಂಪಾಗ್ಯಾವಲ್ಲೋ! ನಿನ್ನಿ ಚಲೋ ಇತ್ತಲ್ಲ ಬೆಳಿ?”

ಹತ್ತಿ ಬೆಳೆಯುವವರಿಗೆ ಈ ಮಾತಿನ ಭಾರ ಗೊತ್ತು. ಕಾಯಿ ಬಲಿಯುವ ಹೊತ್ತಿನಲ್ಲಿ ಎಲೆ ಕೆಂಪಾಗುವುದೊಂದು ರೋಗವಿದೆ. ಮೆಗ್ನೀಸಿಯಂ ಕೊರತೆ, ಸಾರಜನಕದ ಕೊರತೆ, ರಾತ್ರಿಯ ಚಳಿ, ಹಸಿ ಹೆಚ್ಚಾಗುವುದು ಅಥವಾ ಕಡಿಮೆಯಾಗುವುದು, ಹೀಗೆ ಅದಕ್ಕೆ ಕಾರಣ ಹಲವು. ಮೆಗ್ನೀಸಿಯಂ ಸಲ್ಫೇಟನ್ನು ಲೀಟರು ನೀರಿಗೆ 10 ಗ್ರಾಂ ಲೆಕ್ಕದಲ್ಲಿ ಸಿಂಪಡಿಸುವುದು ವಾಡಿಕೆಯ ಉಪಾಯ. ಮಾವನವರು ಆಗಲೇ ಪಂಪು ಯಾರ ಮನೆಯಲ್ಲಿದೆ, ಆಳು ಎಷ್ಟು ಬೇಕು ಎಂದು ಬಾಯಲ್ಲಿಯೇ ಲೆಕ್ಕ ಹಾಕತೊಡಗಿದ್ದರು. ನಾನು ಬದುವಿನಿಂದಿಳಿದು ಒಂದು ಎಲೆಯನ್ನು ಕಿತ್ತು ತಂದೆ. ಹಚ್ಚ ಹಸಿರು! ಇನ್ನೊಂದು ಸಾಲಿನದೂ ಹಸಿರೇ. ರೋಗ ಇದ್ದುದು ಹೊಲದಲ್ಲಲ್ಲ.

ವಿದ್ಯಾರ್ಥಿ ಯಂತ್ರವನ್ನು ಕೆಳಗಿಳಿಸಿ, ಅದರ ಕಣ್ಣಿನ ಮೇಲಿದ್ದ ಗುಂಡಿಯಷ್ಟು ಅಗಲದ ಕಪ್ಪು ಗಾಜನ್ನು ತೆಗೆದು ನನ್ನ ಕೈಗಿತ್ತ. ಇದಕ್ಕೆ ಎನ್‌ಡಿ ಫಿಲ್ಟರ್ ಎಂದು ಹೆಸರು. ಎಲ್ಲ ಬಣ್ಣಗಳನ್ನೂ ಸಮನಾಗಿ ತಗ್ಗಿಸಿ, ಬೆಳಕನ್ನು ಮಾತ್ರ ಕಡಿಮೆ ಮಾಡುವ ತಟಸ್ಥ ಗಾಜು ಎಂಬುದು ಅದರ ಪ್ರತಿಜ್ಞೆ.

ಬಿಸಿಲಿನಲ್ಲಿ ಚಿತ್ರ ತೆಗೆಯಲು ಕಪ್ಪು ಗಾಜೇಕೆ ಎಂದು ಓದುಗರು ಕೇಳಬಹುದು, ನಾನೂ ಕೇಳಿದೆ. ಚಲನಚಿತ್ರದ ಓಟ ಕಣ್ಣಿಗೆ ಹಿತವಾಗಿ ಕಾಣಬೇಕಾದರೆ ಪ್ರತಿ ಚೌಕಟ್ಟಿನಲ್ಲಿಯೂ ತುಸು ಮಸುಕು ಇರಬೇಕಂತೆ. ಸೆಕೆಂಡಿಗೆ 25 ಚೌಕಟ್ಟುಗಳಾದರೆ ಒಂದೊಂದಕ್ಕೂ ಸೆಕೆಂಡಿನ 50ರಲ್ಲೊಂದು ಪಾಲು ಕಾಲ ಕ್ಯಾಮೆರಾದ ಕಣ್ಣು ತೆರೆದಿರಬೇಕು. ದೊಡ್ಡ ಕ್ಯಾಮೆರಾದಲ್ಲಿ ಬೆಳಕು ಹೆಚ್ಚಾದರೆ ಮಸೂರದ ರಂಧ್ರವನ್ನು ಕಿರಿದು ಮಾಡಬಹುದು. ಅನೇಕ ಪುಟ್ಟ ಡ್ರೋನ್‌ಗಳಲ್ಲಿ ಆ ಅನುಕೂಲವಿಲ್ಲ. ಈತನದು ಎಫ್ 2.8ರಲ್ಲಿ ಸ್ಥಿರ. ಹಳೆಯ ಛಾಯಾಗ್ರಾಹಕರ ಸೂತ್ರದಂತೆ, ಸ್ವಚ್ಛ ಬಿಸಿಲಿನಲ್ಲಿ ಐಎಸ್‌ಒ 100 ಇದ್ದಾಗ ಎಫ್ 16ಕ್ಕೆ 100ರಲ್ಲೊಂದು ಪಾಲು ಸೆಕೆಂಡು ಸಾಕು. ಎಫ್ 2.8 ಎಂದರೆ ಐದು ಮೆಟ್ಟಿಲು ಹೆಚ್ಚು ಬೆಳಕು, ಅಂದರೆ 3200ರಲ್ಲೊಂದು ಪಾಲು. ಅದನ್ನು 50ಕ್ಕೆ ಇಳಿಸಬೇಕಾದರೆ ಬೆಳಕನ್ನು 64ರಲ್ಲಿ ಒಂದು ಭಾಗಕ್ಕೆ ತಗ್ಗಿಸಬೇಕು. ಅದಕ್ಕಾಗಿಯೇ ಆ ಗಾಜಿನ ಅಂಚಿನಲ್ಲಿ 64 ಎಂಬ ಅಂಕೆ. ಲೆಕ್ಕ ಚೊಕ್ಕಟವಾಗಿತ್ತು. ಬಣ್ಣ ಚೊಕ್ಕಟವಾಗಿರಲಿಲ್ಲ.

ತಟಸ್ಥರೆನಿಸಿಕೊಂಡವರು ಒಂದು ಪಕ್ಷದ ಕಡೆಗೆ ಮೆಲ್ಲಗೆ ವಾಲುವುದನ್ನು ನಾವು ಸಭೆಗಳಲ್ಲಿ ಕಂಡಿದ್ದೇವೆ. ಈ ಗಾಜಿನ ಸ್ವಭಾವವೂ ಅದೇ. ಅದರೊಳಗಿನ ಬಣ್ಣದ ಕಷಾಯ ನೀಲಿಯನ್ನು ಒಂದಿಷ್ಟು ಹೆಚ್ಚು ನುಂಗಿ ಕೆಂಪನ್ನು ಒಂದಿಷ್ಟು ಹೆಚ್ಚು ಬಿಟ್ಟರೆ ಸಾಕು, ಚಿತ್ರವೆಲ್ಲ ಕೆಂಪಡರುತ್ತದೆ. ಆದರೆ ಇದು ಸಣ್ಣ ಕಳ್ಳ. ದೊಡ್ಡ ಕಳ್ಳ ಕಣ್ಣಿಗೆ ಕಾಣುವುದೇ ಇಲ್ಲ. ಕೆಂಪಿನಿಂದಾಚೆಗಿನ ಅವಕೆಂಪು ಕಿರಣಗಳು ನಮ್ಮ ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾದ ಸಂವೇದಕಕ್ಕೆ ಗೋಚರ. ಅವನ್ನು ತಡೆಯುವ ಪೊರೆಯೊಂದು ಕ್ಯಾಮೆರಾದೊಳಗೆ ಇದ್ದೇ ಇದೆ. ಅದರಿಂದಲೂ ಚೂರು ನುಸುಳುತ್ತದೆ. ಸಾಮಾನ್ಯವಾಗಿ ಆ ಚೂರು ಲೆಕ್ಕಕ್ಕಿಲ್ಲ. ಆದರೆ ಕಪ್ಪು ಗಾಜು ಕಾಣುವ ಬೆಳಕನ್ನು 64 ಪಟ್ಟು ತಗ್ಗಿಸಿ, ಕಾಣದ ಬೆಳಕನ್ನು ಹಾಗೆಯೇ ಬಿಟ್ಟುಕೊಟ್ಟರೆ, ಮೊದಲು ಲೆಕ್ಕಕ್ಕಿರದ ಚೂರು ಈಗ 64 ಪಟ್ಟು ದೊಡ್ಡ ಪಾಲುಗಾರನಾಗುತ್ತದೆ. ಮನೆಯ ಸದ್ದೆಲ್ಲ ಅಡಗಿದ ಮೇಲೆ ಗಡಿಯಾರದ ಟಿಕ್‌ಟಿಕ್ ಕೇಳಿಸಿದಂತೆ.

ಇದರಲ್ಲೊಂದು ಸ್ವಾರಸ್ಯವಿದೆ. ಅವಕೆಂಪನ್ನು ಹೇರಳವಾಗಿ ಚಿಮ್ಮಿಸುವುದು ಆರೋಗ್ಯವಂತ ಎಲೆ! ತನ್ನ ಮೇಲೆ ಬಿದ್ದ ಆ ಕಿರಣಗಳಲ್ಲಿ ಸುಮಾರು ಅರ್ಧದಷ್ಟನ್ನು ಅದು ಹಿಂದಕ್ಕೆ ಕಳುಹಿಸುತ್ತದೆ. 1988ರಲ್ಲಿ ಹಾರಿದ ನಮ್ಮ ಐಆರ್‌ಎಸ್-1ಎ ಉಪಗ್ರಹ ಬೆಳೆಯನ್ನು ಗುರುತಿಸಿದ್ದೂ ಈ ಗುಣದಿಂದಲೇ. ವಿಜ್ಞಾನಿಗಳು ಆ ಚಿತ್ರಗಳಲ್ಲಿ ಹುಲುಸಾದ ಹಸಿರಿಗೆ ಬೇಕೆಂದೇ ಕೆಂಪು ಬಣ್ಣ ಕೊಡುತ್ತಾರೆ. ಹಾಗಾಗಿ ಮಾವನ ಹತ್ತಿ ತೆರೆಯಲ್ಲಿ ಕಂದುಗೆಂಪಾಗಿ ಕಂಡದ್ದು ಅದರ ಪುಷ್ಟಿಯ ದೆಸೆಯಿಂದ ಎನ್ನಬೇಕು. ಇದನ್ನು ಅವರಿಗೆ ವಿವರಿಸಿದೆ. “ಗಾಜಿಗಿ ಕಾಮಣಿ ಆಗ್ಯದ ಅನ್ರಿ ಮಾಸ್ತರ” ಎಂದರು. ಕೆಂಪಿಗೆ ಕಾಮಾಲೆಯೆನ್ನುವುದು ವೈದ್ಯಶಾಸ್ತ್ರಕ್ಕೆ ಒಪ್ಪದಿದ್ದರೂ ನನ್ನ ಅರ್ಧ ಗಂಟೆಯ ಪಾಠಕ್ಕಿಂತ ಆ ಮಾತೇ ಚೆನ್ನಾಗಿತ್ತು.

ಇನ್ನು ಪರಿಹಾರ. ಮೊದಲು ಬೆಳ್ಳಗಿರುವ ಒಂದು ವಸ್ತುವನ್ನು ತೋರಿಸಿ ಕ್ಯಾಮೆರಾಕ್ಕೆ ಬುದ್ಧಿ ಹೇಳಬೇಕು. ಮಾವನವರು ತಮ್ಮ ಧೋತರದ ಸೆರಗನ್ನೇ ಚಾಚಿದರು. ಆದರೆ ನೀಲಿ ಅದ್ದಿದ ಧೋತರ ಬಿಳಿಗಿಂತ ಬಿಳಿ. ಅದನ್ನು ನಂಬಿದರೆ ಊರೆಲ್ಲ ಹಳದಿಯಾದೀತು. ವಿದ್ಯಾರ್ಥಿಯ ಚೀಲದಲ್ಲಿ ಇದಕ್ಕಾಗಿಯೇ ಮಾಡಿದ ಬೂದು ಹಲಗೆಯಿತ್ತು. ಅದನ್ನು ಬಿಸಿಲಿನಲ್ಲಿಟ್ಟು, ಮೊದಲು ಗಾಜಿಲ್ಲದೆ, ಆಮೇಲೆ 4, 16, 64 ಎಂದು ಒಂದೊಂದೇ ಗಾಜು ತೊಡಿಸಿ ಚಿತ್ರ ತೆಗೆದ. 4ರಲ್ಲಿ ವ್ಯತ್ಯಾಸವೇ ಕಾಣಲಿಲ್ಲ, 16ರಲ್ಲಿ ಸಂಶಯ, 64ರಲ್ಲಿ ಬೂದು ಹಲಗೆ ಇಟ್ಟಿಗೆಯ ನೆಂಟನಾಗಿತ್ತು. ಬಣ್ಣದ ಸಮತೋಲವನ್ನು ಯಂತ್ರದ ಇಚ್ಛೆಗೆ ಬಿಡದೆ, ಗಾಜು ತೊಡಿಸಿದ ಮೇಲೆ ಹಲಗೆಯನ್ನು ನೋಡಿ ಒಂದೇ ಅಂಕೆಗೆ ಕಟ್ಟಿಹಾಕಬೇಕು. ಇಲ್ಲವಾದರೆ ಹಸಿರು ತೊಗರಿಯ ಮೇಲಿಂದ ಕೆಂಪು ಮಸಾರಿಯ ಕಡೆಗೆ ತಿರುಗಿದೊಡನೆ ಯಂತ್ರ ತನ್ನ ಅಭಿಪ್ರಾಯವನ್ನೂ ಬದಲಿಸುತ್ತದೆ. ಸ್ಥಿರಚಿತ್ರಗಳನ್ನು ಕಚ್ಚಾ ಕಡತವಾಗಿಯೇ ಉಳಿಸಿಕೊಂಡರೆ ಮನೆಯಲ್ಲಿ ಕೂತು ತಿದ್ದಬಹುದು.

ಆದರೆ ತಿದ್ದುವುದಕ್ಕೆ ಮಿತಿಯಿದೆ. ಬಣ್ಣದ ಕಷಾಯದ ತಪ್ಪು ಚಿತ್ರದ ತುಂಬ ಒಂದೇ ಸಮ; ಅದನ್ನು ಒಂದೇ ಏಟಿಗೆ ಒರೆಸಬಹುದು. ಅವಕೆಂಪಿನ ತಪ್ಪು ಹಾಗಲ್ಲ. ಎಲೆಗೆ ಒಂದು ಪ್ರಮಾಣ, ಬಂಡೆಗೆ ಒಂದು, ಕರಿಯ ಕಂಬಳಿಗೆ ಮತ್ತೊಂದು. ಎಲೆಯನ್ನು ಹಸಿರಾಗಿಸಿದರೆ ಬಂಡೆ ಪಾಚಿಗಟ್ಟುತ್ತದೆ. ಇದಕ್ಕೆ ಅವಕೆಂಪನ್ನೂ ಜೊತೆಗೇ ತಡೆಯುವ, ಲೋಹದ ತೆಳುಲೇಪದ ಒಳ್ಳೆಯ ಗಾಜೇ ಬೇಕು, ಬೆಲೆಯೂ ಹೆಚ್ಚು. ನನಗೆ ತೋಚಿದ ಮಾತನ್ನು ನಾನು ಹೇಳಿದೆ: ಮಸುಕಿನ ಸೊಗಸು ಬೇಕಾದುದು ಚಲನಚಿತ್ರಕ್ಕೆ. ಬೆಳೆಯ ಯೋಗಕ್ಷೇಮ ನೋಡಲು ಸ್ಥಿರಚಿತ್ರ ಸಾಕು. ಅದಕ್ಕೆ ಕಪ್ಪು ಗಾಜಿನ ಹಂಗೇ ಇಲ್ಲ. ಈಗ ಹಳ್ಳಿಹಳ್ಳಿಗಳಲ್ಲಿ ಹೊಲವನ್ನು ಮೇಲಿನಿಂದ ನೋಡುವ ಹವ್ಯಾಸ ಬೆಳೆಯುತ್ತಿರುವಾಗ, ಕೆಂಪು ಗಾಜೊಂದರ ಮಾತು ನಂಬಿ ಸಾಲ ಮಾಡಿ ಔಷಧ ಹೊಡೆದವನ ಗತಿಯೇನು?

ಈ ಸೀಮೆಯ ನೆಲ ಛಾಯಾಚಿತ್ರದ ಕೈಯಲ್ಲಿ ಬಣ್ಣಗೆಟ್ಟಿದ್ದು ಇದೇ ಮೊದಲಲ್ಲ. ಇಲ್ಲಿಗೆ ಅನತಿದೂರದ ಸುರಪುರದಲ್ಲಿ ಆಡಳಿತ ನೋಡಿಕೊಂಡಿದ್ದ ಮೆಡೋಸ್ ಟೇಲರ್, ಬಿಜಾಪುರದ ಕಟ್ಟಡಗಳನ್ನು ಕುರಿತು 1866ರಲ್ಲಿ ಪ್ರಕಟವಾದ ದೊಡ್ಡ ಚಿತ್ರಸಂಪುಟಕ್ಕೆ ಬರೆಹ ಒದಗಿಸಿದರು; ಚಿತ್ರಗಳಲ್ಲಿ ಬಿಗ್ಸ್ ಮತ್ತು ಲಾಕ್ ಎಂಬ ಸೇನಾಧಿಕಾರಿಗಳು ತೆಗೆದವೂ ಇದ್ದವು. ಆ ಕಾಲದ ಫಲಕಗಳಿಗೆ ನೀಲಿ ಮಾತ್ರ ಚೆನ್ನಾಗಿ ಕಾಣುತ್ತಿತ್ತು, ಕೆಂಪು ಕಾಣುತ್ತಲೇ ಇರಲಿಲ್ಲ. ಆದುದರಿಂದ ಅವುಗಳಲ್ಲಿ ಆಕಾಶ ಬರಿಯ ಬಿಳಿ ಹಾಳೆ, ಕೆಂಪು ಮಣ್ಣು ಮಸಿ. ಅಂದು ಕೆಂಪಿಗೆ ಕುರುಡಾಗಿದ್ದ ಕ್ಯಾಮೆರಾ ಇಂದು ಇಲ್ಲದ ಕೆಂಪನ್ನೂ ಕಾಣುತ್ತಿದೆ.

ಸಂಜೆ ಐದರ ಮೇಲೆ ಬಿಸಿಲು ಇಳಿಯಿತು. 64ರ ಗಾಜು ಪೆಟ್ಟಿಗೆ ಸೇರಿ, 4ರ ಗಾಜು ತೊಟ್ಟ ಯಂತ್ರ ಮೂವತ್ತು ಮೀಟರಿನ ಎತ್ತರದಲ್ಲಿ ಹೊಲಗಳ ಮೇಲೆ ನಿಧಾನವಾಗಿ ಸಾಗಿತು. ತೆರೆಯಲ್ಲಿ ಹತ್ತಿ ಹಸಿರಾಗಿತ್ತು, ಮಸಾರಿ ಮಸಾರಿಯಾಗಿತ್ತು, ಗುಡ್ಡದ ಬಂಡೆಗಳ ಮೇಲೆ ಇಳಿಬಿಸಿಲಿನ ಬಂಗಾರ. ಮಾವನವರು ಕನ್ನಡಕವನ್ನು ಹಣೆಗೇರಿಸಿ, ತೆರೆಯನ್ನು ನೋಡಿದರು. ಮತ್ತೆ ಹೊಲವನ್ನು ನೋಡಿದರು. ಆಮೇಲೆ ತೆರೆಯ ಮೂಲೆಯೊಂದಕ್ಕೆ ಬೆರಳಿಟ್ಟು, “ಅಲ್ಲಿ ಬದುವಿನ್ಯಾಗ ಎಮ್ಮಿ ಹೊಕ್ಕದ, ಹೊಡೀರೋ!” ಎಂದು ಕೂಗುತ್ತ ಓಡಿದರು.