ಸೈಲೆನ್ಸರಿನ ಒಳಗುಟ್ಟು

ಭದ್ರಾವತಿಯ ಮಕ್ಕಳಿಗೆ ಕಬ್ಬಿಣದ ಸದ್ದು ಹೊಸದಲ್ಲ. 1923ರಲ್ಲೇ ಕುಲುಮೆ ಹೊತ್ತಿಸಿದ ಊರು ಅದು. ಅಂಥ ಊರಿನ ಹುಡುಗ ಬೈಕಿನ ಸೈಲೆನ್ಸರಿನ ಒಳತಡೆಗಳನ್ನು ಕಿತ್ತೆಸೆದು ನ್ಯೂಟೌನಿನಲ್ಲಿ ಗುಡುಗುತ್ತಾ ಹೋದರೆ, ಪಾಳಿ ಮುಗಿಸಿ ಮಲಗಿದ ಅಪ್ಪ ಎದ್ದು ಬೈಯುತ್ತಾರೆ. ‘ಸದ್ದು ಹೆಚ್ಚಿದರೆ ಪವರ್ ಹೆಚ್ಚುತ್ತದೆ’ ಎಂದು ಮಗನ ವಾದ. ಬೈಯುವ ಅಪ್ಪನೂ ಇದನ್ನು ನಂಬಿರುವುದೇ ತಮಾಷೆ!

ಸ್ಪೋರ್ಟ್ಸ್ ಕಾರಿಗೆ ಎಕ್ಸಾಸ್ಟ್ ರೂಪಿಸುವವರು ಮೊದಲು ಲೆಕ್ಕ ಹಾಕುವುದು ಸದ್ದನ್ನಲ್ಲ, ಕೊಳವೆಯ ಉದ್ದವನ್ನು. ವಾಲ್ವ್ ತೆರೆದೊಡನೆ ಬಿಸಿ ಅನಿಲದ ಜೊತೆಗೆ ಒತ್ತಡದ ಅಲೆಯೊಂದು ಓಡುತ್ತದೆ. ಕೊಳವೆಗಳು ಕೂಡುವ ಅಗಲ ಜಾಗ ಮುಟ್ಟಿದಾಗ ಅದು ಎಳೆತದ ಅಲೆಯಾಗಿ ಹಿಂತಿರುಗುತ್ತದೆ. ವಾಲ್ವ್ ಮುಚ್ಚುವ ಮುನ್ನ ಬಂದು ಮುಟ್ಟಿದರೆ ಉಳಿದ ಹೊಗೆಯನ್ನು ಹೊರಗೆಳೆದು ಹೊಸ ಗಾಳಿಗೆ ದಾರಿ ಬಿಡಿಸುತ್ತದೆ. ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿಗೆ ಒಂದು ಸುತ್ತಿನಲ್ಲಿ ಸಿಗುವ ಸಮಯ ಸೆಕೆಂಡಿನ ನೂರರಲ್ಲಿ ಒಂದು ಭಾಗ ಮಾತ್ರ. ಹೆಚ್ಚು ವೇಗಕ್ಕೆ ಗಿಡ್ಡ ಕೊಳವೆ, ಕಡಿಮೆ ವೇಗಕ್ಕೆ ಉದ್ದನೆಯದು. ಎರಡೂ ಬೇಕೆಂದರೆ ರಾಜಿಯೇ ಗತಿ. ಕೊಳವೆಯನ್ನು ಬೇಕಾಬಿಟ್ಟಿ ಅಗಲ ಮಾಡಿದರೆ ಅನಿಲದ ಓಟವೇ ಮಂದವಾಗುತ್ತದೆ.

ಟೂ ಸ್ಟ್ರೋಕ್ ಎಂಜಿನ್ನಿನಲ್ಲಂತೂ ಎಕ್ಸಾಸ್ಟ್ ಎಂಜಿನ್ನಿನ ಅರ್ಧ ಭಾಗವೇ ಸರಿ. 1961ರಿಂದ 1996ರವರೆಗೆ ಮೈಸೂರಿನ ಯಾದವಗಿರಿಯಲ್ಲಿ ತಯಾರಾದ ಜಾವಾ, ಯೆಜ್ಡಿಗಳನ್ನು ಹಿರಿಯರು ಮರೆತಿರಲಾರರು. 250 ಸಿಸಿಯ ಗಾಡಿಗೆ ಸಿಲಿಂಡರು ಒಂದೇ, ಸೈಲೆನ್ಸರು ಎರಡು! ಇಂಥ ಎಂಜಿನ್ನಿನಲ್ಲಿ ಹೊಗೆಯ ಬೆನ್ನಿಗೇ ಹೊಸ ಇಂಧನವೂ ಸೋರಿಹೋಗುತ್ತದೆ. ಪೂರ್ವ ಜರ್ಮನಿಯ ಎಂಜಿಡ್ ಕಾರ್ಖಾನೆಯ ವಾಲ್ಟರ್ ಕಾಡೆನ್ ಕೊಳವೆಗೆ ಹಿಗ್ಗಿ ಕುಗ್ಗುವ ಶಂಕುವಿನ ಆಕಾರ ಕೊಟ್ಟು, ಸೋರುವುದನ್ನು ಅಲೆಯಿಂದಲೇ ಒಳಕ್ಕೆ ತಳ್ಳಿಸುವ ವಿದ್ಯೆಯನ್ನು ಪಳಗಿಸಿದ. ಅವನ ಸವಾರ ಅರ್ನ್ಸ್ಟ್ ಡೆಗ್ನರ್ 1961ರಲ್ಲಿ ದೇಶ ಬಿಟ್ಟು ಸುಜುಕಿ ಸೇರಿದ. 1962ರ 50 ಸಿಸಿ ವಿಶ್ವ ಪಟ್ಟ ಸುಜುಕಿಗೆ! ಕೊಳವೆಯ ಗುಟ್ಟೂ ಅವನೊಂದಿಗೆ ಗಡಿ ದಾಟಿತ್ತು.

ತಡೆ ಕಿತ್ತ ಹುಡುಗನಿಗೆ ದಕ್ಕುವುದು ಬಹುಪಾಲು ಗದ್ದಲ. 2019ರಲ್ಲಿ ತಿದ್ದುಪಡಿಯಾದ ಕಾನೂನಿನಲ್ಲಿ ಇದಕ್ಕೆ 10,000 ರೂಪಾಯಿವರೆಗೆ ದಂಡವುಂಟು, ಲೈಸೆನ್ಸಿಗೂ ಮೂರು ತಿಂಗಳು ಕುತ್ತು. ಆದರೂ ಸದ್ದಿನಲ್ಲಿ ಎಂಜಿನ್ನಿನ ಗುಣ ಹುಡುಕುವ ಕಿವಿ ಅವನಿಗಿದೆಯಲ್ಲ, ಅದನ್ನು ಬೈದು ಮುಚ್ಚಿಸುವುದು ಬೇಡ. ಅಪ್ಪ ಮಗ ಇಬ್ಬರೂ ಒಂದು ಭಾನುವಾರ ಟೇಪು ಹಿಡಿದು ಕೊಳವೆಯ ಉದ್ದ, ಒಳವ್ಯಾಸ ಅಳೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ. ಗರಗಸ ಆಮೇಲೆ.